ಕೇಳಿಸಿಕೊಳ್ಳದೆ ಮಾಡಿದ ಪ್ರಾರ್ಥನೆ

ಜಯನಗರದ ನಮ್ಮ ಕನ್ನಡ ಸಭೆಯಲ್ಲಿ ಯಾವ ಕೆಲಸಕ್ಕೂ ಮೊದಲು ನನ್ನ ಹೆಸರೇ ಬರುತ್ತಿತ್ತು. ಸುಗ್ಗಿ ಹಬ್ಬದ ಹರಾಜಿಗೆ ಬಾಳೆಗೊನೆ, ಕುಂಬಳಕಾಯಿ ಹೊಂದಿಸುವುದು, ಕ್ವಯರ್ ಅಭ್ಯಾಸಕ್ಕೆ ಕೀಬೋರ್ಡ್ ತರಿಸುವುದು, ಬಿಟಿಎಂ ಲೇಔಟಿನಿಂದ ಬನಶಂಕರಿವರೆಗೆ ಮನೆ ಪ್ರಾರ್ಥನೆಗಳ ಪಟ್ಟಿ ಮಾಡುವುದು. ಎಲ್ಲವೂ ದೇವರ ಕೆಲಸವೇ ಎಂದು ನಂಬಿ ಓಡಾಡುತ್ತಿದ್ದೆ. ಬೆಳಿಗ್ಗೆ ಬೈಬಲ್ ತೆರೆದರೂ ಕಣ್ಣು ವಾಟ್ಸಾಪ್ ಗುಂಪಿನ ಮೇಲಿರುತ್ತಿತ್ತು.

ಒಂದು ವರ್ಷ ಹಬ್ಬದ ಹಿಂದಿನ ವಾರ ಬನಶಂಕರಿ ಎರಡನೇ ಹಂತದ ಹಿರಿಯ ತಾಯಿಯೊಬ್ಬರು ಫೋನ್ ಮಾಡಿದರು. ನಾನು ಶಾಮಿಯಾನದವರ ಜೊತೆ ಚೌಕಾಸಿಯಲ್ಲಿದ್ದೆ. ಫೋನನ್ನು ಭುಜಕ್ಕೊತ್ತಿಕೊಂಡು ‘ಹೂಂ ಅಮ್ಮ, ಪ್ರಾರ್ಥನೆ ಮಾಡೋಣ’ ಎನ್ನುತ್ತಾ ಹೋದೆ. ಮಗ, ಸೊಸೆ, ಬೇರೆ ಮನೆ ಎಂಬ ಮಾತುಗಳಷ್ಟೇ ಕಿವಿಗೆ ಬಿದ್ದವು. ಅದೇ ವಾರ ಅವರ ಮನೆಯಲ್ಲಿ ಪ್ರಾರ್ಥನಾ ಕೂಟ. ಜನ ಬಾಗಿಲವರೆಗೂ ಕೂತಿದ್ದರು. ನಾನು ಎದ್ದು ನಿಂತು, ಮಗ ಸೊಸೆ ಹೊಸ ಮನೆ ಮಾಡಿದ್ದಕ್ಕಾಗಿ ಗಟ್ಟಿ ದನಿಯಲ್ಲಿ ದೇವರಿಗೆ ಸ್ತೋತ್ರ ಸಲ್ಲಿಸಿದೆ. ಆದರೆ ಮಗ ಜಗಳವಾಡಿಕೊಂಡು ಮನೆ ಬಿಟ್ಟು ಹೋದ, ತಾನೀಗ ಒಂಟಿ ಎಂದು ಹೇಳಿಕೊಳ್ಳಲು ಅವರು ಫೋನ್ ಮಾಡಿದ್ದರು.

ಕಾಫಿ ಲೋಟ ಕೈಗಿಡುವಾಗ ಅವರು ಮೆಲ್ಲಗೆ ಅಂದರು: ‘ದೇವರಿಗೆ ಹೇಳೋಕೆ ಮುಂಚೆ ನಾನು ಹೇಳಿದ್ದನ್ನ ಕೇಳಿಸ್ಕೋಬೇಕಿತ್ತಪ್ಪ.’

ಮರುದಿನ ಹೋಗಿ ಕ್ಷಮೆ ಕೇಳಿದೆ. ಆದರೆ ಆ ಮಾತು ಬೇರೆ ಕಡೆಗೂ ತಾಗಿತ್ತು. ಎದುರಿಗಿರುವ ಮನುಷ್ಯರ ಮಾತೇ ಕಿವಿಗೆ ಹೋಗದ ನಾನು ದೇವರ ಮಾತನ್ನು ಯಾವಾಗ ಕೇಳಿದ್ದೆ?

ಲೂಕನ 10ನೇ ಅಧ್ಯಾಯವನ್ನು ಮತ್ತೆ ಓದಿದೆ. ಮಾರ್ಥಳ ಅಡುಗೆ, ತಾನೊಬ್ಬಳೇ ದುಡಿಯುತ್ತಿದ್ದೇನೆಂಬ ಅವಳ ದೂರು, ಯೇಸುವಿನ ಪಾದದ ಬಳಿ ಕುಳಿತ ಮರಿಯ. ಸಂಡೇ ಸ್ಕೂಲಿನಿಂದ ಬಲ್ಲ ಕತೆ. ಅದಕ್ಕೆ ಒತ್ತಿಕೊಂಡೇ ಒಳ್ಳೆಯ ಸಮಾರ್ಯದವನ ಸಾಮ್ಯವಿದೆ ಎಂಬುದನ್ನು ನಾನು ಗಮನಿಸಿರಲಿಲ್ಲ. ಗಾಯಗೊಂಡವನ ಸೇವೆ ಮಾಡು ಎಂದ ಬಾಯೇ ಮುಂದಿನ ಮನೆಯಲ್ಲಿ ಕೂತು ಕೇಳುವವಳನ್ನು ಮೆಚ್ಚುತ್ತದೆ. ಮಾರ್ಥಳನ್ನು ಹೀಗಳೆಯುವ ಪ್ರಸಂಗಗಳು ನನಗೆ ಒಪ್ಪಿಗೆಯಿಲ್ಲ. ಯೋಹಾನನ 11ನೇ ಅಧ್ಯಾಯದಲ್ಲಿ, ತಮ್ಮನು ಸತ್ತ ದುಃಖದ ನಡುವೆ, ಯೇಸುವನ್ನು ಕ್ರಿಸ್ತನೆಂದು ಬಾಯಿಬಿಟ್ಟು ಒಪ್ಪಿಕೊಂಡವಳು ಅವಳೇ. 12ರಲ್ಲಿ ಮತ್ತೆ ಊಟ ಬಡಿಸುತ್ತಾಳೆ. ಅಲ್ಲಿ ಅವಳ ದೂರಿಲ್ಲ. ಕೆಲಸ ಬಿಡು ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಹಲವು ಚಿಂತೆಗಳಲ್ಲಿ ಅವಳ ಮನಸ್ಸು ಚೂರಾಗಿತ್ತು, ನನ್ನ ಹಾಗೆ.

ಈಸ್ಟರ್‌ಗೆ ಮೊದಲಿನ ತಪಸ್ಸಿನ ಕಾಲ ಬಂದಾಗ, ಕೇಳುವುದನ್ನು ಕಲಿಯಲೆಂದು ಜಯನಗರದಿಂದ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ಕೆಂಗೇರಿಯಲ್ಲಿಳಿದು ಕುಂಬಳಗೋಡಿನ ಆಶೀರ್ವನಕ್ಕೆ ಹೋದೆ. ಅದು ಬೆನೆಡಿಕ್ಟೀನ್ ಸನ್ಯಾಸಿಗಳ ಮಠ. ಇಟಲಿಯ ಸಂತ ಬೆನೆಡಿಕ್ಟ್ 6ನೇ ಶತಮಾನದಲ್ಲಿ ಬರೆದ ಅವರ ನಿಯಮಾವಳಿ, ಕಿವಿಗೊಡು ಎಂಬ ಬುದ್ಧಿಮಾತಿನಿಂದಲೇ ಶುರುವಾಗುತ್ತದೆ. ಅದೇ ನಿಯಮ ಕೈಯಾರೆ ದುಡಿಯಬೇಕು ಎಂದೂ ಹೇಳುತ್ತದೆ. ಅಲ್ಲಿನ ಮೌನದಲ್ಲಿ ಮೊದಲ ಹೊತ್ತು ನನಗೆ ಹಿಂಸೆಯಾಯಿತು. ಕೈ ಜೇಬಿಗೆ ಹೋಗುತ್ತಿತ್ತು, ತಲೆಯಲ್ಲಿ ಪಟ್ಟಿಗಳು ಓಡುತ್ತಿದ್ದವು. ಸಂಜೆಯ ಹೊತ್ತಿಗೆ, ನನ್ನ ಅರ್ಧದಷ್ಟು ಓಡಾಟ ಜನರ ಮೆಚ್ಚುಗೆಗಾಗಿತ್ತು ಎಂಬುದು ನಿಚ್ಚಳವಾಯಿತು. ಒಪ್ಪಿಕೊಳ್ಳಲು ಕಷ್ಟವಾಯಿತು, ಆದರೆ ನಿಜ.

ಈಗಲೂ ಸುಗ್ಗಿ ಹಬ್ಬಕ್ಕೆ ಬಾಳೆಗೊನೆ ಹೊರುತ್ತೇನೆ. ಮನೆ ಭೇಟಿಗೆ ಹೋದಾಗ ಫೋನ್ ಸ್ಕೂಟರಿನ ಡಿಕ್ಕಿಯಲ್ಲಿರುತ್ತದೆ. ಅವರ ಮಾತು ಮುಗಿಯುವವರೆಗೆ ಪ್ರಾರ್ಥನೆಗೆ ಏಳುವುದಿಲ್ಲ. ಕೂಟದಲ್ಲಿ ವಾಕ್ಯ ಓದಿದ ಮೇಲೆ ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಿರುತ್ತೇವೆ. ಪಕ್ಕದ ಮನೆಯ ಕುಕ್ಕರ್ ಕೂಗುತ್ತದೆ, ಯಾರೋ ಕೆಮ್ಮುತ್ತಾರೆ, ಕೂತಿರುತ್ತೇವೆ.

ಸಭಾ ಸಮಿತಿಗಳಲ್ಲಿ ದುಡಿಯುವ ಅಣ್ಣ ಅಕ್ಕಂದಿರಲ್ಲಿ ನನ್ನದೊಂದು ವಿನಂತಿ: ಮುಂದಿನ ತಪಸ್ಸಿನ ಕಾಲದ ಕಾರ್ಯಕ್ರಮ ಪಟ್ಟಿ ಬರೆಯುವಾಗ ಭಾಷಣ, ಹಾಡು, ಊಟ ಯಾವುದೂ ಇಲ್ಲದ ಒಂದು ಸಂಜೆಯನ್ನು ದಯವಿಟ್ಟು ಉಳಿಸಿ.