ಬತ್ತಳಿಕೆ ಮರಗಳ ಬೀಡಿನಲ್ಲಿ

ನಮ್ಮ ಹಿತ್ತಿಲಿನ ಲೋಳೆಸರವು ಮೊಣಕಾಲೆತ್ತರವನ್ನು ಮೀರುವುದು ಅಪರೂಪ. ಅದೇ ಬಳಗದ ಹಿರಿಯನೊಬ್ಬನು ನಾಲ್ಕಾಳೆತ್ತರದ ಮರವಾಗಿ ನಿಂತಿರುವುದನ್ನು ಕಾಣಬೇಕಾದರೆ ಆಫ್ರಿಕಾ ಖಂಡದ ನೈರುತ್ಯದಲ್ಲಿರುವ ನಮೀಬಿಯ ದೇಶಕ್ಕೆ ಹೋಗಬೇಕು. ಅಲ್ಲಿಯ ದಕ್ಷಿಣ ಭಾಗದಲ್ಲಿ ಕೀಟ್‌ಮನ್ಸ್‌ಹೂಪ್ ಎಂಬ ಊರಿದೆ. ಊರಿನಿಂದ ಸುಮಾರು 14 ಕಿಲೋಮೀಟರು ಈಶಾನ್ಯಕ್ಕೆ, ಕರಿಬಂಡೆಗಳ ದಿಬ್ಬದ ಮೇಲೆ, ಇಂತಹ ಇನ್ನೂರೈವತ್ತರಷ್ಟು ಮರಗಳಿವೆ. ಇದಕ್ಕೆ ಕಾಡೆಂದು ಹೆಸರು. ದಟ್ಟವಾದ ನೆರಳು ಮಾತ್ರ ಎಲ್ಲಿಯೂ ದೊರೆಯದು. ಈ ತಾಣವನ್ನು 1995ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಸಾರಲಾಯಿತು.

ಸಾನ್ ಜನಾಂಗದ ಬೇಟೆಗಾರರು ಈ ಮರದ ಕೊಂಬೆಯೊಳಗಿನ ಮೆದುವಾದ ತಿರುಳನ್ನು ತೆಗೆದು, ಬಾಣಗಳಿಗೆ ಬತ್ತಳಿಕೆ ಮಾಡಿಕೊಳ್ಳುತ್ತಿದ್ದರು. ಆದುದರಿಂದಲೇ ಇದು ಬತ್ತಳಿಕೆ ಮರ. ಕೇಪ್ ಪ್ರಾಂತದ ಡಚ್ಚರ ಅಧಿಪತಿ ಸೈಮನ್ ವ್ಯಾನ್ ಡರ್ ಸ್ಟೆಲ್ 1685ರಲ್ಲಿ ತಾಮ್ರದ ಬೆಟ್ಟಗಳನ್ನರಸಿ ಹೊರಟಾಗ ಇದನ್ನು ಕಂಡು ದಾಖಲೆ ಮಾಡಿಸಿದನು.

ಮರದ ಬಾಳು ಮಿತವ್ಯಯದ ಪಾಠವೇ ಸರಿ. ಎಲೆಗಳಲ್ಲಿಯೂ ಕಾಂಡದಲ್ಲಿಯೂ ನೀರಿನ ಸಂಚಯ. ಕೊಂಬೆಗಳಿಗೆ ಬಿಸಿಲನ್ನು ಹಿಮ್ಮೆಟ್ಟಿಸುವ ಬಿಳಿಯ ಪುಡಿಯ ಲೇಪ. ಬರವು ಮಿತಿಮೀರಿದರೆ ತನ್ನ ಕೊಂಬೆಯನ್ನೇ ಉದುರಿಸಿ ಉಳಿದುದನ್ನು ಕಾಪಾಡಿಕೊಳ್ಳುತ್ತದೆ. ಅಲ್ಲಿಯ ಚಳಿಗಾಲವಾದ ಜೂನ್, ಜುಲೈ ತಿಂಗಳುಗಳಲ್ಲಿ ತುದಿತುದಿಗೂ ಹಳದಿಯ ಹೂಗೊಂಚಲು. ಮಕರಂದಕ್ಕಾಗಿ ಸೂರಕ್ಕಿಗಳು ಮುತ್ತುತ್ತವೆ.

ತೋಟದಲ್ಲಿ ಇದನ್ನು ಬೆಳೆಸುವವನು ಕೈ ಬಿಗಿಹಿಡಿಯುವುದನ್ನು ಕಲಿಯಬೇಕು. ಮರಳು, ಸಣ್ಣ ಜಲ್ಲಿ ಬೆರೆತು ನೀರು ಬಸಿದುಹೋಗುವ ನೆಲ, ತುಂಬಿದ ಬಿಸಿಲು, ಎಳೆಯ ಸಸಿಗೆ ಇಬ್ಬನಿ ಹೆಪ್ಪುಗಟ್ಟುವ ಚಳಿಯಿಂದ ರಕ್ಷಣೆ: ಇಷ್ಟಿದ್ದರೆ ಸಾಕು. ಮಣ್ಣು ಪೂರ್ತಿ ಒಣಗಿದ ಮೇಲೆಯೇ ನೀರು. ಅಕ್ಕರೆಯಿಂದ ದಿನವೂ ಎರೆದರೆ ಬೇರು ಕೊಳೆಯುವುದು ನಿಶ್ಚಯ. ಬೀಜದಿಂದ ಎದ್ದ ಗಿಡವು ಮೊದಲ ಹೂವನ್ನು ಬಿಡಲು ಇಪ್ಪತ್ತು ಮೂವತ್ತು ವರ್ಷಗಳು ಬೇಕಾದಾವು.

ಇಂತಹ ತಾಳ್ಮೆಯ ಮರಕ್ಕೂ ಈಗ ಸಂಕಟ ಒದಗಿದೆ. 2007ರಲ್ಲಿ ಪ್ರಕಟವಾದ ಅಧ್ಯಯನವೊಂದರಂತೆ, ಬಿಸಿಲು ಹೆಚ್ಚಿರುವ ಉತ್ತರದ ನೆಲೆಗಳಲ್ಲಿ ಮರಗಳು ಹೆಚ್ಚಾಗಿ ಸಾಯುತ್ತಿದ್ದವು; ತಂಪಾದ ದಕ್ಷಿಣದಲ್ಲಿ ಚೆನ್ನಾಗಿದ್ದವು. ಮರವು ತಾನಾಗಿ ದಕ್ಷಿಣಕ್ಕೆ ನಡೆಯಲಾರದು; ಅದರ ಬೀಜ ಗಾಳಿಯಲ್ಲಿ ತೂರಿಬಂದು, ಮೊಳೆತು, ಮರವಾಗುವುದಕ್ಕೆ ತಲೆಮಾರುಗಳೇ ಕಳೆಯಬೇಕು. ಬಿಸಿಲು ಅಷ್ಟು ಕಾಲ ಕಾಯುವಂತೆ ತೋರುವುದಿಲ್ಲ. ಇಂದು ಇದರ ಬೀಜವನ್ನು ಬಿತ್ತುವ ಮುದುಕನು ಅದರ ಹೂವನ್ನು ಕಾಣಲಾರನು. ಆದರೂ ಬಿತ್ತುವವರು ಬೇಕಾಗಿದ್ದಾರೆ.