ಕಂಕುಳಲ್ಲೊಂದು ಕರವಸ್ತ್ರ

ಗಾಲ್ಫ್ ನೋಡುವವರ ಕಣ್ಣೆಲ್ಲ ಕೈಯ ಮೇಲೆ. ಕೋಲು ಹಿಡಿದದ್ದು ಕೈ, ಎತ್ತಿದ್ದು ಕೈ, ಬೀಸಿದ್ದೂ ಕೈ; ಚೆಂಡು ಹಾರಿದ ಪುಣ್ಯವೂ ಅದಕ್ಕೇ. ಆಡುವವರನ್ನು ಕೇಳಿ, ಮೈಯಲ್ಲಿ ಇದರಷ್ಟು ಅಧಿಕಪ್ರಸಂಗಿ ಅಂಗ ಇನ್ನೊಂದಿಲ್ಲ ಎಂದಾರು. ಸೊಂಟ ತಿರುಗುವ ಮೊದಲೇ ತಾನು ಹೊರಟುಬಿಡುತ್ತದೆ, ಚೆಂಡು ಬಲಕ್ಕೆ ಬಾಗಿ ಪೊದೆ ಸೇರುತ್ತದೆ. ಕೈಯೂ ಮೈಯೂ ಜಗಳ ಬಿಟ್ಟು ಒಟ್ಟಿಗೆ ತಿರುಗುವ ಆ ಒಂದು ಗಳಿಗೆಗಾಗಿ ನಾನು ಭಾನುವಾರದ ನಿದ್ದೆ ಬಿಟ್ಟು ಮುಂಬೈಯ ಚೆಂಬೂರಿನಲ್ಲಿ ಹಾರ್ಬರ್ ಲೈನಿನ ಲೋಕಲ್ ರೈಲು ಹತ್ತುತ್ತೇನೆ. ಹಳಿ ದುರಸ್ತಿಗೆಂದು ರೈಲು ನಿಲ್ಲಿಸುವ ಮೆಗಾ ಬ್ಲಾಕ್ ಇಲ್ಲದಿದ್ದರೆ.

ಚೆಂಬೂರಿನಲ್ಲೇ ಬಾಂಬೆ ಪ್ರೆಸಿಡೆನ್ಸಿ ಗಾಲ್ಫ್ ಕ್ಲಬ್ ಇದೆ, 1927ರದ್ದು. ಆದರೆ ಅದರ ಸದಸ್ಯತ್ವ ನನ್ನಂಥ ಸಂಬಳದಾರನ ಅಳವಿಗೆ ಮೀರಿದ್ದು. ದುಡ್ಡು ಕೊಟ್ಟು ಯಾರು ಬೇಕಾದರೂ ಆಡಬಹುದಾದ ಮೈದಾನವನ್ನು ಸರಕಾರಿ ಸಂಸ್ಥೆ ಸಿಡ್ಕೊ ಖಾರ್ಘರದ ಗುಡ್ಡಗಳ ಮಗ್ಗುಲಲ್ಲಿ ಮಾಡಿದೆ; ನಾನು ಹೋಗುವುದು ಅಲ್ಲಿಗೆ. ಲಗೇಜ್ ಡಬ್ಬಿಯಲ್ಲಿ ನನ್ನ ಚೀಲ ಕಂಡು, ಇದೇನು ಮೀನು ಹಿಡಿಯುವ ಗಾಳವೇ ಎಂದು ಕೇಳಿದವರೂ ಉಂಟು.

ಒಳ್ಳೆಯ ಸ್ವಿಂಗ್ ನೆಲದಿಂದ ಮೇಲಕ್ಕೆ ಬರುತ್ತದೆ. ಕೋಲು ಕೆಳಗಿಳಿಯುವಾಗ ಮೊದಲು ಸೊಂಟ ತಿರುಗಬೇಕು, ಅದರ ಹಿಂದೆ ಎದೆ, ಆಮೇಲೆ ತೋಳು, ಎಲ್ಲಕ್ಕೂ ಕೊನೆಗೆ ಕೋಲಿನ ತಲೆ. ಒಂದೊಂದೂ ವೇಗದ ತುದಿ ಮುಟ್ಟಿ ತಾನು ನಿಧಾನಿಸುತ್ತಲೇ ಮುಂದಿನದಕ್ಕೆ ತನ್ನ ಬಲವನ್ನು ದಾಟಿಸುತ್ತದೆ. ಜಾತ್ರೆಯಲ್ಲಿ ಮಕ್ಕಳಿಗೆ ಕೊಡಿಸುವ ಗಿಲಕಿಯಲ್ಲಿ ಹಿಡಿ ತಿರುಗಿದರೆ ಸಾಕು, ದಾರದ ತುದಿಯ ಮಣಿ ತಾನಾಗಿಯೇ ಚರ್ಮಕ್ಕೆ ಬಡಿಯುತ್ತದಲ್ಲ, ಹಾಗೆ. ಇಷ್ಟೆಲ್ಲ ನಡೆಯುವುದು ಸುಮಾರು ಕಾಲು ಸೆಕೆಂಡಿನಲ್ಲಿ. ಚೆಂಡಿಗೂ ಕೋಲಿಗೂ ಆಗುವ ಭೇಟಿಯಂತೂ ಸೆಕೆಂಡಿನ ಎರಡು ಸಾವಿರ ಪಾಲಿನಲ್ಲಿ ಒಂದು ಪಾಲು. ಅಷ್ಟರಲ್ಲಿ ಯೋಚಿಸಿ ತಿದ್ದಿಕೊಳ್ಳಲು ಬ್ರಹ್ಮನಿಂದಲೂ ಆಗದು. ತಿದ್ದುವುದೇನಿದ್ದರೂ ಮೊದಲೇ, ನಿಧಾನವಾಗಿ, ಅರ್ಧ ಸ್ವಿಂಗಿನಲ್ಲಿ.

ಅದಕ್ಕೆ ಬೇಕಾದ ಸಲಕರಣೆ ಒಂದು ಕರವಸ್ತ್ರ. ಎಡ ಕಂಕುಳಲ್ಲಿ ಸಿಕ್ಕಿಸಿಕೊಂಡು ಕೋಲನ್ನು ಸೊಂಟದೆತ್ತರಕ್ಕೆ ಒಯ್ದು, ಚೆಂಡು ಹೊಡೆದು, ಮತ್ತೆ ಸೊಂಟದೆತ್ತರದಲ್ಲಿ ನಿಲ್ಲಬೇಕು. ತೋಳು ಎದೆಯ ಜೊತೆಗಿದ್ದರೆ ವಸ್ತ್ರವೂ ಇದ್ದಲ್ಲೇ ಇರುತ್ತದೆ. ಈ ಉಪಾಯ ಬಂದದ್ದು ಬೇಸ್‌ಬಾಲ್‌ನಿಂದಂತೆ. ಬೇಬ್ ರೂತ್ ಹೀಗೆ ಅಭ್ಯಾಸ ಮಾಡುತ್ತಿದ್ದುದನ್ನು ನ್ಯೂಯಾರ್ಕ್ ಯಾಂಕೀಸ್‌ನಲ್ಲಿ ಅವನ ಜೊತೆ ಆಡಿ, ಆಮೇಲೆ ಗಾಲ್ಫ್‌ಗೆ ಬಂದ ಸ್ಯಾಮ್ ಬರ್ಡ್ ಹೇಳಿದ. ಅವನಿಂದ ಕಲಿತ ಜಿಮ್ಮಿ ಬಲ್ಲಾರ್ಡ್ ಅದನ್ನೇ ಒಂದು ಬೋಧನಾಕ್ರಮ ಮಾಡಿಬಿಟ್ಟ. ಫಿಜಿಯ ವಿಜಯ್ ಸಿಂಗ್ ಕಂಕುಳಲ್ಲಿ ಗ್ಲೌಸ್ ಇಟ್ಟುಕೊಂಡು ಗಂಟೆಗಟ್ಟಲೆ ಹೊಡೆಯುತ್ತಿದ್ದ.

ಆದರೆ ಇದೇ ಪಾಠವನ್ನು ಕರವಸ್ತ್ರದ ಗೊಡವೆಯಿಲ್ಲದೆ ಕಲಿತವರು ನಮ್ಮ ಚೆಂಬೂರಿನಲ್ಲೇ ಇದ್ದಾರೆ ಎಂಬುದು ನನ್ನ ಗುಮಾನಿ. ಕ್ಲಬ್ಬಿನಲ್ಲಿ ಆಟಗಾರರ ಚೀಲ ಹೊರುವ ಕ್ಯಾಡಿಗಳಾಗಿ ದುಡಿಯುವ ಹುಡುಗರು ತಮ್ಮ ಕೊಳೆಗೇರಿಯ ಓಣಿಗಳಲ್ಲಿ ಗಾಲ್ಫ್ ಆಡುವುದುಂಟು. ಕಟ್ಟಡದ ಕಬ್ಬಿಣದ ಸರಳು ಬಗ್ಗಿಸಿದರೆ ಕೋಲಾಯಿತು, ಚೆಂಡು ಪ್ಲಾಸ್ಟಿಕ್ಕಿನದು. ಒಂದು ಕಡೆ ತಗಡಿನ ಗೋಡೆ, ಇನ್ನೊಂದು ಕಡೆ ಯಾರದೋ ಬಾಗಿಲು. ಅಲ್ಲಿ ಮೊಣಕೈ ಹಾರಿಸಿದರೆ ತಗಡಿಗೆ ತಾಗುತ್ತದೆ. ತೋಳು ಮೈಗೆ ಅಂಟಿಕೊಂಡೇ ತಿರುಗಬೇಕು. ಚಂದದ ಹುಲ್ಲುಹಾಸಿನ ಮೇಲೆ ಧಾರಾಳವಾಗಿ ಕೈ ಬೀಸುವ ನಮ್ಮಂಥವರಿಗಿಲ್ಲದ ಅಚ್ಚುಕಟ್ಟು ಅವರ ಸ್ವಿಂಗಿಗಿದ್ದರೆ ಆಶ್ಚರ್ಯವೇನು? ಕ್ಯಾಡಿಯಾಗಿಯೇ ಶುರುಮಾಡಿದ ಬೆಂಗಳೂರಿನ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬೇರೆಯವರ ಚೀಲ ಹೊರುತ್ತ ಒಳ್ಳೆಯದೂ ಕೆಟ್ಟದೂ ಆದ ಸ್ವಿಂಗುಗಳನ್ನು ದಿನವಿಡೀ ನೋಡುವುದೇ ದೊಡ್ಡ ವಿದ್ಯಾಭ್ಯಾಸವಿರಬೇಕು.

ಕರವಸ್ತ್ರಕ್ಕೂ ಒಂದು ಮಿತಿಯುಂಟು. ವೆಜ್ ಎಂಬ ಗಿಡ್ಡ ಕೋಲು ಹಿಡಿದು ಸಣ್ಣ ಹೊಡೆತ ಹೊಡೆಯುವಾಗ ಅದು ಪರಮ ಮಿತ್ರ. ಡ್ರೈವರ್ ಎಂಬ ಉದ್ದ ಕೋಲು ಎತ್ತಿ ಪೂರ್ತಿ ಬೀಸುವಾಗ ತೋಳು ಎದೆಯಿಂದ ಮೇಲೇಳಲೇಬೇಕು. ಆಗಲೂ ವಸ್ತ್ರ ಬೀಳಬಾರದೆಂದು ಹಟ ಹಿಡಿದು ಕಂಕುಳು ಬಿಗಿದರೆ ಸ್ವಿಂಗ್ ಅಲ್ಲೇ ಉಸಿರುಗಟ್ಟುತ್ತದೆ. ಅಂಟಿಕೊಂಡಿರುವುದು ಬೇರೆ, ಜೊತೆಗಿರುವುದು ಬೇರೆ. ಭುಜ ಸಡಿಲವಾಗಿದ್ದು ಎದೆ ತಿರುಗಿದಷ್ಟೇ ತೋಳೂ ಸಾಗಿದ ದಿನ, ಚೆಂಡು ತಾಗಿದ್ದು ಕೈಗೆ ಗೊತ್ತೇ ಆಗುವುದಿಲ್ಲ. ಸದ್ದು ಮಾತ್ರ ಕೇಳುತ್ತದೆ, ಒಣಕಡ್ಡಿ ಮುರಿದಂಥದ್ದು. ಆ ಸದ್ದಿನ ಚಟ ಹತ್ತಿದವನನ್ನು ಬಿಡಿಸುವುದು ಕಷ್ಟ.

ಖಾರ್ಘರಕ್ಕೆ ಹೋಗಲಾಗದ ವಾರ ನಮ್ಮ ಕಟ್ಟಡದ ಟೆರೇಸೇ ಗತಿ. ಮೇ ತಿಂಗಳಲ್ಲಿ ಅಲ್ಲಿ ನೀರಿನ ಟ್ಯಾಂಕಿಗೂ ಒಣಹಾಕಿದ ಸಂಡಿಗೆಗೂ ನಡುವೆ ಒಬ್ಬ ನಿಲ್ಲುವಷ್ಟು ಜಾಗ. ಪ್ಲಾಸ್ಟಿಕ್ ಚೆಂಡಿಟ್ಟು ಮೆಲ್ಲಗೆ ತಿರುಗುತ್ತೇನೆ. ಸಂಡಿಗೆಗೆ ಕಾಗೆ ಬಾರದಂತೆ ಕಾವಲು ಕೂತ ಮೂರನೇ ಮಹಡಿಯ ಅಜ್ಜಿ ಕನ್ನಡಕ ಸರಿಪಡಿಸಿಕೊಂಡು, “ಸೊಂಟ ಇನ್ನೂ ಹಿಂದೇನೇ ಉಳಿದಿದೆ, ಕೈ ಆಗಲೇ ಹೊರಟುಹೋಯಿತು” ಎನ್ನುತ್ತಾರೆ. ಅವರಿಗೆ ಗಾಲ್ಫ್ ತಿಳಿಯದು. ಮಾಟುಂಗದಲ್ಲಿ ಭರತನಾಟ್ಯ ಕಲಿಸುತ್ತಿದ್ದವರು.