ಹಾಡುವ ಕೊರಳು ನೋಯದಿರಲಿ

ಶರಣರ ವಚನಗಳನ್ನು ಒಬ್ಬರೇ ಕುಳಿತು ಓದುವುದು ಒಂದು ಸಂತೋಷವಾದರೆ, ನಾಲ್ವರು ಕೂಡಿ ಹಾಡುವುದು ಇನ್ನೊಂದು ಸಂತೋಷ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ನಮ್ಮ ಸೀಮೆಯಲ್ಲಿ ಈ ಎರಡನೆಯ ಸಂತೋಷಕ್ಕೆ ಎಂದೂ ಬರಗಾಲ ಬಂದಿಲ್ಲ. ಶ್ರಾವಣಮಾಸ ಕಾಲಿಟ್ಟಿತೆಂದರೆ ಮಠಗಳಲ್ಲಿ ಪುರಾಣ-ಪ್ರವಚನ, ಪ್ರವಚನಕ್ಕೆ ಮೊದಲು ವಚನಗಾಯನ, ಓಣಿ ಓಣಿಗಳಲ್ಲಿ ಬೆಳತನಕ ಭಜನೆ. ಬನಹಟ್ಟಿಯ ನಮ್ಮ ಅಕ್ಕನ ಬಳಗವೂ ಪ್ರತಿ ಸೋಮವಾರ ಸಂಜೆ ಕೂಡುತ್ತದೆ. ಹನ್ನೆರಡರ ಬಾಲೆಯಿಂದ ಎಪ್ಪತ್ತು ದಾಟಿದ ಆಯಿಯವರೆಗೆ ಎಲ್ಲರೂ ಒಂದೇ ಜಮಖಾನೆಯ ಮೇಲೆ ಕುಳಿತು ಹಾಡುತ್ತೇವೆ.

ಹೀಗೆ ಕೂಡಿ ಹಾಡುವವರಿಗೆಲ್ಲ ಒಂದು ಅನುಭವ ಸಾಮಾನ್ಯ. ಹಾಡು ಮಧ್ಯಸ್ಥಾಯಿಯಲ್ಲಿ ನಡೆಯುವವರೆಗೆ ಎಲ್ಲರ ದನಿಯೂ ಕೂಡಿರುತ್ತದೆ; ರಾಗವು ತಾರಸ್ಥಾಯಿಗೆ ಏರಿದೊಡನೆ ಅರ್ಧ ಜನ ಮೌನವಾಗುತ್ತಾರೆ. ಉಳಿದವರು ಗದ್ದ ಮೇಲೆತ್ತಿ, ಕತ್ತಿನ ನರ ಬಿಗಿದು, ಕೂಗಿ ದಾಟುತ್ತಾರೆ. ನಮ್ಮ ಬಳಗದ ಹಿರಿಯ ಆಯಿಯೊಬ್ಬರು ನಲವತ್ತು ವರ್ಷ ಹಾಡಿದವರು. ಎರಡು ಶ್ರಾವಣಗಳಿಂದ ಬರಿಯ ತಾಳ ಹಿಡಿದು ಕುಳಿತಿರುತ್ತಿದ್ದರು. ಕಾರಣ ಕೇಳಿದರೆ, “ನನ್ನ ಧನಿ ಅಲ್ಲೀಮಟಾ ಏರಂಗಿಲ್ಲ ಯವ್ವಾ, ನೀವು ಹಾಡ್ರಿ, ನಾ ಕೇಳ್ತೀನಿ” ಎನ್ನುತ್ತಿದ್ದರು. ವಚನವನ್ನು ನಮಗೆ ಬಾಯಿಪಾಠ ಮಾಡಿಸಿದವರೇ ಮೌನವಾಗಿ ಕುಳಿತದ್ದು ನಮ್ಮೆಲ್ಲರ ಮನಸ್ಸನ್ನೂ ಕಲಕಿತು.

ಆ ದಿನಗಳಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಗವಾಯಿಗಳೊಬ್ಬರು ನಮ್ಮಲ್ಲಿಗೆ ಬಂದರು. ಪಂಚಾಕ್ಷರ ಗವಾಯಿಗಳು ಕಟ್ಟಿ, ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೆ ಬೆಳೆಸಿದ ಆ ಆಶ್ರಮದ ಶಿಷ್ಯರು ನಮ್ಮ ನಾಡಿನ ಹಳ್ಳಿ ಹಳ್ಳಿಗಳಲ್ಲಿ ಸಂಗೀತ ಹಂಚುತ್ತಿರುವುದು ಎಲ್ಲರಿಗೂ ತಿಳಿದದ್ದೇ. ಅವರು ನಮ್ಮ ಎರಡು ಹಾಡು ಕೇಳಿದರು. ಪೇಟಿಯತ್ತ ನೋಡಿ, “ಈ ಪಟ್ಟಿ ಯಾರ ಧನಿಗೆ ಹಿಡದೀರಿ, ತಾಯಿ?” ಎಂದು ಕೇಳಿದರು. ಪೇಟಿಯಲ್ಲಿ ಷಡ್ಜವು ಕರಿ ಐದರಲ್ಲಿತ್ತು. ಹೆಂಗಸರ ಹಾಡಿಕೆಗೆ ಆ ಪಟ್ಟಿ ಬಹುಕಾಲದಿಂದ ರೂಢಿಯಲ್ಲಿದೆ. ಆದರೆ ಯಾರ ದನಿಗೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಹೊರಟಾಗ ಅನೇಕ ವಿಷಯಗಳು ತಿಳಿದವು.

ಎತ್ತರದ ಪಟ್ಟಿಯ ರೂಢಿಗೆ ಒಂದು ಹಿನ್ನೆಲೆಯಿದೆ. ನಮ್ಮ ಸೀಮೆಯ ಶ್ರೀಕೃಷ್ಣ ಪಾರಿಜಾತ, ಸಣ್ಣಾಟಗಳು ಬಯಲಿನಲ್ಲಿ ನಡೆಯುತ್ತಿದ್ದವು. ನಾಟಕ ಕಂಪನಿಗಳೂ ಧ್ವನಿವರ್ಧಕವಿಲ್ಲದ ಕಾಲವನ್ನು ಕಂಡಿದ್ದವು. ಏಣಗಿ ಬಾಳಪ್ಪನವರಂತಹ (1914-2017) ನಟ-ಗಾಯಕರ ಪೀಳಿಗೆಗೆ ಕೊನೆಯ ಸಾಲಿನ ಪ್ರೇಕ್ಷಕನಿಗೂ ಮಾತು ಮುಟ್ಟಿಸುವ ಹೊಣೆಯಿತ್ತು. ಎತ್ತರದ, ಮೊನಚಾದ ದನಿ ಗದ್ದಲವನ್ನು ಸೀಳಿಕೊಂಡು ದೂರ ಹೋಗುತ್ತದೆ. ಆದ್ದರಿಂದ ಅವರು ಪಟ್ಟಿ ಏರಿಸಿದರು. ಅದು ಬಯಲಿನ ಅಗತ್ಯ. ಅದಕ್ಕೆ ತಕ್ಕ ಸಾಧನೆಯೂ ಅವರ ಬೆನ್ನಿಗಿತ್ತು.

ಧ್ವನಿಗ್ರಾಹಕ ಯಂತ್ರ ಬಂದ ಮೇಲೆ ಹಾಡಿಕೆಯ ರೀತಿ ಹೇಗೆ ಬದಲಾಯಿತೆಂಬುದಕ್ಕೆ ಸಾಕ್ಷಿ ಹುಡುಕಲು ನಾವು ದೂರ ಹೋಗಬೇಕಿಲ್ಲ. ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿಯವರೇ ಇದ್ದಾರೆ. ಅವರೂ ಸಹೋದರಿ ಗೋಹರಬಾಯಿಯವರೂ ರಂಗಭೂಮಿಯ ಸಂಸ್ಕಾರದಿಂದ ಬಂದವರು. 1965ರಲ್ಲಿ ತೀರಿಕೊಂಡ ಅಮೀರಬಾಯಿಯವರ ಹೆಸರನ್ನು ಇಡೀ ದೇಶಕ್ಕೆ ಪರಿಚಯಿಸಿದ್ದು 1943ರ ‘ಕಿಸ್ಮತ್’ ಚಿತ್ರದ ಹಾಡುಗಳು. ಅವನ್ನು ಕೇಳಿದವರಿಗೆ ತಿಳಿಯುತ್ತದೆ: ಅಲ್ಲಿ ಸ್ವರ ಮೇಲೇರಿದರೂ ದನಿ ಕೂಗಾಗುವುದಿಲ್ಲ. ಪಕ್ಕದಲ್ಲಿ ಕುಳಿತವರಿಗೆ ಹೇಳಿದಂತೆ ಮೆತ್ತಗೆ ಹಾಡುತ್ತಾರೆ. ಎತ್ತರದ ಸ್ವರ ಬೇರೆ, ಜೋರಿನ ದನಿ ಬೇರೆ ಎಂಬ ಪಾಠವನ್ನು ಬೀಳಗಿಯ ಮಗಳು ಆಗಲೇ ಹಾಡಿ ತೋರಿಸಿದ್ದರು.

ಇವೆರಡೂ ಹೇಗೆ ಬೇರೆ? ನಮ್ಮ ಗಂಟಲಿನ ಗೂಡಿನಲ್ಲಿ ಎರಡು ಧ್ವನಿತಂತುಗಳಿವೆ. ಅವುಗಳ ಉದ್ದ ಒಂದು ಅಂಗುಲಕ್ಕಿಂತಲೂ ಕಡಿಮೆ. ಉಸಿರು ಮೇಲೆ ಬರುವಾಗ ಅವು ಕೂಡಿ-ಬಿಚ್ಚಿ ಕಂಪಿಸುತ್ತವೆ. ಕರಿ ಐದರ ಮಧ್ಯ ಷಡ್ಜ ಹಿಡಿದರೆ ಸೆಕೆಂಡಿಗೆ ಸುಮಾರು 233 ಕಂಪನ. ತಾರಷಡ್ಜಕ್ಕೆ ಅದರ ಇಮ್ಮಡಿ, 466. ತಾರಪಂಚಮಕ್ಕೆ ಹತ್ತಿರ ಹತ್ತಿರ 700. ಸ್ವರ ಏರಿದಂತೆ ಈ ತಂತುಗಳು ಉದ್ದಕ್ಕೆ ಎಳೆಯಲ್ಪಟ್ಟು ತೆಳುವಾಗಬೇಕು. ನಮ್ಮ ನೇಕಾರ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮಗ್ಗದ ಹಾಸಿನ ಎಳೆಗೆ ಹದವಾದ ಬಿಗಿ ಬೇಕು, ಹದ ಮೀರಿದರೆ ಎಳೆ ಕಡಿಯುತ್ತದೆ. ಕೆಳಗಿನ ಸ್ವರದ ಭಾರವನ್ನೆಲ್ಲ ಹೊತ್ತುಕೊಂಡೇ ಮೇಲಕ್ಕೆ ಹೋಗಲು ಹೊರಟರೆ ತಂತುಗಳು ತೆಳುವಾಗಲಾರವು. ಆಗ ಕತ್ತು, ದವಡೆ, ನಾಲಿಗೆಯ ಬುಡ ಎಲ್ಲವೂ ಸಹಾಯಕ್ಕೆ ಓಡಿಬಂದು ಗಂಟಲನ್ನೇ ಅಮುಕುತ್ತವೆ. ನಾವು ಕೇಳುವ ಕೂಗು ಆ ಹಿಸುಕಾಟದ್ದು. ದಿನವೂ ಹೀಗಾದರೆ ತಂತುಗಳು ಒಂದಕ್ಕೊಂದು ಉಜ್ಜಿ, ಬಾತು, ಕೊನೆಗೆ ಗಂಟು ಕಟ್ಟುವುದೂ ಉಂಟು.

ನಮ್ಮೂರುಗಳಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಕೂಡಿಕೊಂಡಿದೆ. ರಬಕವಿ-ಬನಹಟ್ಟಿಯ ಮನೆಗಳಲ್ಲಿ ವಿದ್ಯುತ್ ಮಗ್ಗಗಳ ಸದ್ದು ಬೆಳಗಿನಿಂದ ನಡೆದಿರುತ್ತದೆ. ಗದ್ದಲದಲ್ಲಿ ಮನುಷ್ಯನು ತನಗರಿವಿಲ್ಲದೆಯೇ ದನಿ ಏರಿಸುತ್ತಾನೆಂಬುದನ್ನು ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿಯೇ ಬರೆದಿಟ್ಟಿದ್ದಾನೆ. “ನೀರು ತಗೊಂಡ ಬಾ” ಎನ್ನಲೂ ಕೂಗುವವರು ನಾವು. ಅದರ ಜೊತೆಗೆ ನೂಲಿನ ಧೂಳು. ಮುಧೋಳ, ಮಹಾಲಿಂಗಪುರದ ಕಡೆಯವರಿಗಾದರೆ ಗಾಣದ ಒಲೆಯ ಹೊಗೆ. ಸಂಜೆ ಪೇಟಿಯ ಮುಂದೆ ಕುಳಿತುಕೊಳ್ಳುವ ಹೊತ್ತಿಗೆ ಕೊರಳು ಅರ್ಧ ದಿನದ ಕೂಲಿ ದುಡಿದು ಬಂದಿರುತ್ತದೆ. ಅಂತಹ ಕೊರಳಿಗೆ ಮೊದಲು ಬೇಕಾದುದು ನೀರು, ಹತ್ತು ನಿಮಿಷದ ಮೌನ, ಹಾಡು ಆಮೇಲೆ.

ಗವಾಯಿಗಳು ನಮಗೆ ಕಲಿಸಿದ ಕ್ರಮ ಸರಳವಾದುದು. ಬೆನ್ನು ನೆಟ್ಟಗೆ, ಭುಜ ಸಡಿಲ. ಉಸಿರು ತೆಗೆದುಕೊಂಡಾಗ ಭುಜ ಏರಬಾರದು, ಪಕ್ಕೆಲುಬುಗಳು ಅಗಲವಾಗಬೇಕು. ಮೊದಲು ಮಂದ್ರಸ್ಥಾಯಿಯಲ್ಲಿ ಹತ್ತು ನಿಮಿಷ ಸಾವಕಾಶ ಸ್ವರ ಹಿಡಿಯುವುದು. ಆಮೇಲೆ ತುಟಿ ಮುಚ್ಚಿ ‘ಮ್’ ಎಂದು ಗುಂಯ್‌ಗುಡುತ್ತ ಷಡ್ಜದಿಂದ ತಾರಷಡ್ಜಕ್ಕೆ ಜಾರುತ್ತ ಹೋಗಿ, ಜಾರುತ್ತಲೇ ಇಳಿಯುವುದು. ಮಕ್ಕಳು ಆಟದಲ್ಲಿ ಬುರ್ರೆಂದು ತುಟಿ ಅದುರಿಸುವಂತೆ ಅದುರಿಸುತ್ತ ಅದೇ ದಾರಿ ಹಿಡಿದರೂ ಆದೀತು. ಬಾಯಿ ಮುಚ್ಚಿದಾಗ ಒಳಗಿನ ಗಾಳಿಯ ಒತ್ತಡವೇ ತಂತುಗಳಿಗೆ ಆಸರೆಯಾಗುವುದರಿಂದ ಅವು ಗಟ್ಟಿಯಾಗಿ ಬಡಿದುಕೊಳ್ಳದೆ ಹಿಗ್ಗುತ್ತವೆಂದು ಇಂದಿನ ಧ್ವನಿವಿಜ್ಞಾನಿಗಳೂ ಹೇಳುತ್ತಾರೆ. ಸ್ವರ ಮೇಲೇರುವಾಗ ದನಿಯನ್ನು ತುಸು ತಗ್ಗಿಸಬೇಕು. ಗದ್ದ ಎತ್ತಬಾರದು, ದವಡೆ ಸಡಿಲ ಬಿಡಬೇಕು. ಎಲ್ಲಿ ಬಿಗಿತ ಕಂಡಿತೋ ಅಲ್ಲಿಗೆ ಅಂದಿನ ಅಭ್ಯಾಸ ಮುಗಿಯಿತು. ಅರ್ಧ ಸ್ವರ ಗಳಿಸಲು ವಾರಗಳೇ ಹಿಡಿದರೂ ಅವಸರಪಡಬಾರದು.

ವಚನಗಾಯನದಲ್ಲಿ ಅಂಕಿತವನ್ನು ಎತ್ತರದಲ್ಲಿ ಹಾಡುವುದು ಅನೇಕರ ಪದ್ಧತಿ. ‘ಚೆನ್ನಮಲ್ಲಿಕಾರ್ಜುನ’ ಎಂಬಲ್ಲಿ ‘ಕಾ’ ಅಕ್ಷರಕ್ಕೆ ಬಾಯಿ ತಾನಾಗಿ ತೆರೆಯುವುದರಿಂದ ಏರುವುದು ಸುಲಭ. ‘ಕೂಡಲಸಂಗಮದೇವ’ ಎಂಬಲ್ಲಿ ‘ಕೂ’ ಮೇಲೆ ಏರಿದರೆ ತುಟಿ ಮುದುಡಿ ಗಂಟಲು ಬಿಗಿಯುತ್ತದೆ. ಅಲ್ಲಿ ಬಾಯಿಯನ್ನು ಒಳಗೊಳಗೆ ಅಗಲಿಸಿ, ‘ಸಂ’ ಮೇಲೆ ನಿಲ್ಲುವುದು ಜಾಣತನ. ಇಷ್ಟು ಸಣ್ಣ ವಿಷಯಕ್ಕೂ ಬೆಲೆಯಿದೆ, ಏಕೆಂದರೆ ವಚನದಲ್ಲಿ ಮಾತೇ ಮುಖ್ಯ. ಅದಕ್ಕೆ ಛಂದಸ್ಸಿನ ಕಟ್ಟಿಲ್ಲ. ಮಲ್ಲಿಕಾರ್ಜುನ ಮನಸೂರರು, ಬಸವರಾಜ ರಾಜಗುರುಗಳು, ಸಿದ್ಧರಾಮ ಜಂಬಲದಿನ್ನಿಯವರು ಹಾಡಿದ ವಚನಗಳನ್ನು ನಾವು ಇಂದಿಗೂ ಕೇಳುವುದು ಅಲ್ಲಿ ರಾಗದೊಂದಿಗೆ ಮಾತೂ ಉಳಿದಿರುವುದರಿಂದ. ಕೂಗಿದ ದನಿಯಲ್ಲಿ ಮೊದಲು ಕಳೆದುಹೋಗುವುದು ಅಕ್ಷರ, ಆಮೇಲೆ ಅರ್ಥ. ಶರಣರ ಅಂಕಿತವೇ ಒಡೆದುಹೋದ ಹಾಡು ಎಷ್ಟು ಎತ್ತರಕ್ಕೆ ಹೋದರೇನು?

ಎತ್ತರವಿಲ್ಲದೆಯೂ ದೊಡ್ಡ ಸಂಗೀತವುಂಟು. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ದನಿ ಎಳವೆಯಲ್ಲಿ ತೆಳುವಾಗಿತ್ತು. ಗಂಟಲಗ್ರಂಥಿಗಳ ಚಿಕಿತ್ಸೆಯ ತರುವಾಯ ಅದು ಗಡುಸಾಯಿತು. ಅವರು ಹಳೆಯ ದನಿಯ ಬೆನ್ನು ಹತ್ತಲಿಲ್ಲ. ಇದ್ದ ದನಿಗೆ ತಕ್ಕ ಪಟ್ಟಿ ಹಿಡಿದರು, 2009ರಲ್ಲಿ ಅಗಲುವವರೆಗೆ ಜಗತ್ತಿನ ಗೌರವ ಪಡೆದರು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಶಿವಪುತ್ರಯ್ಯ ಕೊಂಕಾಳಿಮಠರು, ಅಂದರೆ ಕುಮಾರ ಗಂಧರ್ವರು, ಕ್ಷಯರೋಗದಿಂದ ಒಂದು ಶ್ವಾಸಕೋಶವನ್ನೇ ಕಳೆದುಕೊಂಡರು. ವೈದ್ಯರ ಮಾತಿನಂತೆ ವರ್ಷಗಟ್ಟಲೆ ಹಾಡದೆ ಉಳಿದರು. ಮತ್ತೆ ಹಾಡಲು ಕುಳಿತಾಗ ಉದ್ದ ಉಸಿರಿನ ಬದಲು ಚಿಕ್ಕ ಚಿಕ್ಕ ಸ್ವರಗುಚ್ಛಗಳಲ್ಲಿಯೇ ಹೊಸ ಗಾಯನವನ್ನು ಕಟ್ಟಿದರು. ಇದ್ದ ದನಿಯನ್ನು, ಇದ್ದ ಉಸಿರನ್ನು ಒಪ್ಪಿಕೊಂಡವರೇ ಮುಂದೆ ಹೋದರು.

ಕೊರಳಿನ ಆರೈಕೆಯ ಕುರಿತು ಮನೆಮನೆಯಲ್ಲೂ ಒಂದೊಂದು ಮದ್ದುಂಟು: ಬೆಲ್ಲ-ಮೆಣಸು, ಶುಂಠಿಯ ಕಷಾಯ, ಜ್ಯೇಷ್ಠಮಧು. ಇವು ಬಾಯಿಗೂ ಗಂಟಲಿಗೂ ಹಿತ ನೀಡುತ್ತವೆ ನಿಜ. ಆದರೆ ನುಂಗಿದ ಯಾವ ಪದಾರ್ಥವೂ ಧ್ವನಿತಂತುಗಳನ್ನು ಮುಟ್ಟುವುದಿಲ್ಲ. ಅವು ಇರುವುದು ಉಸಿರಿನ ದಾರಿಯಲ್ಲಿ, ಅನ್ನದ ದಾರಿಯಲ್ಲಲ್ಲ. ಅವುಗಳ ನಿಜವಾದ ಮದ್ದು ದಿನವಿಡೀ ಕುಡಿಯುವ ನೀರು ಹಾಗೂ ವಿಶ್ರಾಂತಿ. ಪದೇ ಪದೇ ಕೆಮ್ಮಿ ಗಂಟಲು ಸರಿಪಡಿಸಿಕೊಳ್ಳುವುದು, ದನಿ ಕೂತಾಗ ಒತ್ತಿ ಪಿಸುಗುಟ್ಟುವುದು ಎರಡೂ ಒಳ್ಳೆಯದಲ್ಲ. ಕೂತ ದನಿ ಮೂರು ವಾರವಾದರೂ ತಿಳಿಯಾಗದಿದ್ದರೆ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಲೇಬೇಕು. ಹನ್ನೆರಡರಿಂದ ಹದಿನೈದರ ಗಂಡುಮಕ್ಕಳಿಗೆ ದನಿ ಒಡೆಯುವ ಕಾಲದಲ್ಲಿ “ಮೊದಲಿನಂಗ ಹಾಡೋ” ಎಂದು ಒತ್ತಾಯ ಮಾಡಬಾರದು.

ಈಗ ನಮ್ಮ ಬಳಗದ ಪೇಟಿಯಲ್ಲಿ ಷಡ್ಜ ಬಿಳಿ ಐದರಲ್ಲಿದೆ. ಕರಿ-ಬಿಳಿ ಕೂಡಿಸಿ ಎಣಿಸಿದರೆ ಮೂರೇ ಮೆಟ್ಟಿಲು ಕೆಳಗೆ. ತಾರಷಡ್ಜ 466ರಿಂದ 392ಕ್ಕೆ ಇಳಿದಿದೆ. ಅಷ್ಟರಿಂದಲೇ ಆಯಿಯವರು ತಾಳದ ಜೊತೆಗೆ ಮತ್ತೆ ದನಿಗೂಡಿಸಿದ್ದಾರೆ. ತಾರಪಂಚಮ ಬಂದಾಗ ಅವರು ಕೆಳಗಿನ ಪಂಚಮವನ್ನೇ ಹಿಡಿಯುತ್ತಾರೆ. ಎಳೆಯರು ಮೇಲಿನದನ್ನು ಹಗುರವಾಗಿ ಮುಟ್ಟುತ್ತಾರೆ. ಅಜ್ಜಿಯ ಸ್ವರದ ಮೇಲೆ ಮೊಮ್ಮಗಳ ಸ್ವರ ನಿಂತಾಗ ಕೇಳುವ ಇಂಪು, ಎಲ್ಲರೂ ಒಂದೇ ಎತ್ತರಕ್ಕೆ ಕೂಗಿದಾಗ ಇರಲಿಲ್ಲ.

ಶರಣ ಬಂಧುಗಳೇ, ತಾಯಂದಿರೇ, ಸಮೂಹಗಾಯನವೂ ಒಂದು ದಾಸೋಹವೇ. ಪಂಕ್ತಿಯಲ್ಲಿ ಕೊನೆಗೆ ಕುಳಿತವರಿಗೂ ಪ್ರಸಾದ ಮುಟ್ಟುವಂತೆ ನೋಡಿಕೊಳ್ಳುವ ನಾವು, ಪಟ್ಟಿ ಹಿಡಿಯುವಾಗಲೂ ಎಲ್ಲರಿಗಿಂತ ಮೆಲ್ಲನೆಯ ದನಿಯವರನ್ನು ನೆನೆಯೋಣ. ಮುಂಬರುವ ಶ್ರಾವಣದಲ್ಲಿ ಪೇಟಿ ತೆರೆಯುವ ಮುನ್ನ ನಿಮ್ಮ ನಿಮ್ಮ ಮಂಡಳಿಯ ಹಿರಿಯರನ್ನು, ಎಳೆಯರನ್ನು ಒಮ್ಮೆ ಕೇಳಿ: “ಈ ಪಟ್ಟಿ ನಿಮಗ ಆಗತೈತ್ರಿ?” ಆ ಒಂದು ಮಾತಿನಿಂದ ಎಷ್ಟೋ ಕೊರಳುಗಳು ನೋವಿಲ್ಲದೆ ತೆರೆದಾವು.